ಗರ್ಭದ ಮೊದಲಿನ ಮೂರು ತಿಂಗಳು

ನಮ್ಮ ಹಳ್ಳಿಗಳಲ್ಲಿ ಸೊಸೆಯು ಬಸುರಿಯಾದಳೆಂದು ತಿಳಿದರೆ ಮೂರು ತಿಂಗಳು ತುಂಬುವ ತನಕ ಅದನ್ನು ಯಾರಿಗೂ ಹೇಳಬಾರದೆಂಬ ವಾಡಿಕೆಯುಂಟು. ಹೇಳಿದರೆ ದೃಷ್ಟಿ ತಾಕುವದೆಂದು ಕೆಲವರು ಅಂಜುವರು. ಒಂದು ವೇಳೆ ಗರ್ಭವು ಇಳಿದು ಹೋದರೆ ನಾಲ್ಕು ಜನರ ಬಾಯಿಗೆ ಬೀಳಬೇಕಾದೀತೆಂದು ಮತ್ತೆ ಕೆಲವರು ಸುಮ್ಮನಿರುವರು. ನೆರೆಹೊರೆಯವರಿಗೆ ಹೇಳುವದೂ ಬಿಡುವದೂ ಆಯಾ ಮನೆಯವರ ಇಷ್ಟ. ಅದರ ವಿಷಯವಾಗಿ ನಾವು ಇಲ್ಲಿ ವಾದಿಸುವದಿಲ್ಲ. ಆದರೆ ಆಶಾ ಕಾರ್ಯಕರ್ತೆಗೂ ದಾದಿಗೂ ವೈದ್ಯರಿಗೂ ಸಹ ಹೇಳದೆ ಆ ಮೂರು ತಿಂಗಳನ್ನು ಕಳೆದುಬಿಡುವದು ತಾಯಿಗೂ ಮಗುವಿಗೂ ದೊಡ್ಡ ನಷ್ಟವು. ಯಾಕಂದರೆ ಹೊಟ್ಟೆಯು ಹೊರಗೆ ಕಾಣಿಸದ ಆ ದಿನಗಳಲ್ಲಿಯೇ ಮಗುವಿನ ಅಂಗಾಂಗಗಳು ರೂಪುಗೊಳ್ಳುವವು. ಆದದರಿಂದ ಆ ಕಾಲದಲ್ಲಿ ಮಾಡತಕ್ಕದ್ದೇನು, ಬಿಡತಕ್ಕದ್ದೇನು, ಯಾವದಕ್ಕೆ ಅಂಜಬೇಕು, ಯಾವದಕ್ಕೆ ಅಂಜಬೇಕಾಗಿಲ್ಲ ಎಂಬದನ್ನು ಈ ಪಾಠದಲ್ಲಿ ಕ್ರಮವಾಗಿ ಆಲೋಚಿಸೋಣ.

1. ಕಾಣದೆ ನಡೆಯುವ ಕೆಲಸ

ಒಕ್ಕಲಿಗನು ಹೊಲದಲ್ಲಿ ಬಿತ್ತಿದ ಮೇಲೆ ಮೊಳಕೆಯು ಮಣ್ಣಿನ ಮೇಲಕ್ಕೆ ಬಂದಾಗಲೇ ಬೆಳೆಯು ಕಣ್ಣಿಗೆ ಬೀಳುವದು. ಬೇರಾದರೋ ಅದಕ್ಕಿಂತ ಮುಂಚೆಯೇ ಕೆಳಗೆ ಇಳಿದಿರುವದು. ಗರ್ಭದ ಸಂಗತಿಯೂ ಹಾಗೆಯೇ. ಗರ್ಭವು ನಿಂತ ಮೂರು ವಾರಗಳ ಮೇಲೆ ಕೂಸಿನ ಹೃದಯವು ಮಿಡಿಯಲಾರಂಭಿಸುವದು. ಮುಂದೆ ಮೆದುಳೂ ಬೆನ್ನುಹುರಿಯೂ ಆಗತಕ್ಕ ನರದ ಕೊಳವೆಯು ಮೊದಲು ತೆರೆದಿದ್ದು, ಸುಮಾರು 28ನೆಯ ದಿವಸದೊಳಗೆ ಮುಚ್ಚಿಕೊಳ್ಳುವದು. ಅದು ಸರಿಯಾಗಿ ಮುಚ್ಚದಿದ್ದರೆ ಮಗುವು ಬೆನ್ನೆಲುಬು ಸೀಳಿಕೊಂಡಾಗಲಿ, ತಲೆಯ ಬುರುಡೆಯೂ ಮೆದುಳೂ ಪೂರ್ಣವಾಗದೆಯಾಗಲಿ ಹುಟ್ಟುವದು. ಹತ್ತು ಹನ್ನೆರಡು ವಾರಗಳಾಗುವಷ್ಟರಲ್ಲಿ ಮುಖ್ಯವಾದ ಅಂಗಗಳೆಲ್ಲಾ ಉಂಟಾಗಿರುವವು. ಆಗ ಕೂಸಿನ ಉದ್ದವು ಎರಡು ಅಂಗುಲಕ್ಕೆ ಹೆಚ್ಚಿರದು.

ಇದನ್ನು ಲೆಕ್ಕ ಹಾಕಿ ನೋಡಿರಿ. ಮುಟ್ಟು ತಪ್ಪಿತೆಂದು ಹೆಂಗಸಿಗೆ ತಿಳಿಯುವ ಹೊತ್ತಿಗೆ ಗರ್ಭ ನಿಂತು ಎರಡು ವಾರಗಳಾಗಿರುವವು. ಆ ಮೇಲೆ ಇನ್ನೆರಡು ವಾರಗಳಲ್ಲಿ ಆ ಕೊಳವೆಯು ಮುಚ್ಚಬೇಕು. ಮೂರು ತಿಂಗಳು ತುಂಬಲೆಂದು ಕಾದು ಕೂತವಳು ಆಸ್ಪತ್ರೆಗೆ ಬರುವಷ್ಟರಲ್ಲಿ ಆ ಕೆಲಸವು ಎಂದೋ ಮುಗಿದು ಹೋಗಿರುವದು.

2. ತಿಳಿದುಕೊಳ್ಳುವದು, ಲೆಕ್ಕವಿಡುವದು

ಕ್ರಮವಾಗಿ ಮುಟ್ಟಾಗುವವಳಿಗೆ ಒಂದು ವಾರ ತಪ್ಪಿದರೆ ಮೂತ್ರವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಆ ಪರೀಕ್ಷೆಯ ಪಟ್ಟಿಯು ಆಶಾ ಕಾರ್ಯಕರ್ತೆಯ ಬಳಿಯಲ್ಲಿ ಹಣವಿಲ್ಲದೆ ಸಿಕ್ಕುವದು. ಔಷಧದ ಅಂಗಡಿಯಲ್ಲಿಯೂ ಕೊಳ್ಳಬಹುದು. ಬೆಳಗಿನ ಮೊದಲನೆಯ ಮೂತ್ರವು ಇದಕ್ಕೆ ಉತ್ತಮ.

ಕಡೆಯ ಸಾರಿ ಮುಟ್ಟಾದ ಮೊದಲನೆಯ ದಿನವನ್ನು ಪ್ರತಿಯೊಬ್ಬ ವಿವಾಹಿತಳೂ ಪಂಚಾಂಗದಲ್ಲಿ ಗುರುತು ಹಾಕಿಡಲಿ. ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿವಸ ಕೂಡಿಸಿದರೆ ಹೆರಿಗೆಯ ಅಂದಾಜು ದಿನವು ಬರುವದು. ದೃಷ್ಟಾಂತ: ಜನವರಿ 10ರಂದು ಕಡೆಯ ಮುಟ್ಟು ಪ್ರಾರಂಭವಾಗಿದ್ದರೆ ಹೆರಿಗೆಯನ್ನು ಅಕ್ಟೋಬರ್ 17ರ ಸುಮಾರಿಗೆ ಎದುರುನೋಡಬೇಕು. ಈ ಒಂದು ದಿನಾಂಕವು ತಿಳಿಯದಿದ್ದರೆ, ಕೂಸು ದಿನಕ್ಕೆ ತಕ್ಕಂತೆ ಬೆಳೆಯುತ್ತಿದೆಯೋ ಇಲ್ಲವೋ ಎಂದು ಹೇಳುವದಕ್ಕೆ ವೈದ್ಯರಿಗೂ ಕಷ್ಟವಾಗುವದು.

3. ಎಲೆಯಿಂದ ಬಂದ ಔಷಧ

ಮೊದಲನೆಯ ಮೂರು ತಿಂಗಳಲ್ಲಿ ತಪ್ಪದೆ ತೆಗೆದುಕೊಳ್ಳತಕ್ಕ ಗುಳಿಗೆಯು ಫೋಲಿಕ್ ಆಮ್ಲವು. ಇದರ ಚರಿತ್ರೆಯಲ್ಲಿ ನಮ್ಮ ದೇಶದ ಬಡ ಹೆಂಗಸರ ಪಾಲೂ ಉಂಟು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆಯು ಬೊಂಬಾಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರಿಗೆ ಬರುತ್ತಿದ್ದ ಒಂದು ಬಗೆಯ ಕಠಿಣವಾದ ರಕ್ತಹೀನತೆಯನ್ನು ವಿಚಾರಿಸತೊಡಗಿದರು. ಆ ಹೆಂಗಸರ ಊಟದಲ್ಲಿ ಏನೋ ಒಂದು ಕೊರತೆಯಿದೆಯೆಂದು ಅವರಿಗೆ ತೋಚಿತು. ಯೀಸ್ಟ್ ಎಂಬ ಹುದುಗಿನ ಸಾರವನ್ನು ತಿನ್ನಿಸಿದಾಗ ಆ ರೋಗಿಗಳು ಚೇತರಿಸಿಕೊಂಡರು; ಈ ಸಂಗತಿಯನ್ನು ಅವರು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವನ್ನು 1941ರಲ್ಲಿ ಅಮೇರಿಕೆಯ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಎಂಬ ಹೆಸರಿಟ್ಟರು.

ರಕ್ತಕ್ಕೆ ಮಾತ್ರವಲ್ಲ, ಮೇಲೆ ಹೇಳಿದ ನರದ ಕೊಳವೆಯು ಮುಚ್ಚುವದಕ್ಕೂ ಇದು ಬೇಕೆಂದು ತರುವಾಯ ತಿಳಿದು ಬಂತು. ಅಂಥ ಕುಂದುಳ್ಳ ಮಗುವನ್ನು ಮೊದಲೊಮ್ಮೆ ಹೆತ್ತ ತಾಯಂದಿರಿಗೆ ಏಳು ದೇಶಗಳಲ್ಲಿ ಈ ಔಷಧವನ್ನು ಗರ್ಭಧಾರಣೆಗೆ ಮುಂಚಿನಿಂದಲೇ ಕೊಟ್ಟು ನೋಡಿದ ಪರೀಕ್ಷೆಯ ಫಲವು 1991ರಲ್ಲಿ ಹೊರಬಿತ್ತು. ಔಷಧವನ್ನು ತೆಗೆದುಕೊಂಡವರಲ್ಲಿ ಆ ಕುಂದು ಮರುಕಳಿಸುವದು ನೂರಕ್ಕೆ 72ರಷ್ಟು ಕಡಿಮೆಯಾಗಿತ್ತು.

ಇದರ ಅಳತೆಯು ದಿವಸಕ್ಕೆ 400 ಮೈಕ್ರೊಗ್ರಾಂ. ಮಕ್ಕಳಾಗಬೇಕೆಂದು ಗಂಡಹೆಂಡರು ನೆನಸಿದ ಕಾಲದಿಂದಲೇ ಪ್ರಾರಂಭಿಸಿ ಮೂರು ತಿಂಗಳು ತುಂಬುವ ವರೆಗೆ ತೆಗೆದುಕೊಳ್ಳುವದು ಉತ್ತಮ. ಹಾಗಾಗದೆ ಹೋದರೆ ಗರ್ಭವು ತಿಳಿದ ದಿನವೇ ಪ್ರಾರಂಭಿಸಲಿ. ಹಿಂದೆ ಅಂಥ ಕುಂದಿನ ಮಗುವನ್ನು ಹೆತ್ತವಳಿಗೂ, ಸಕ್ಕರೆ ರೋಗ ಅಥವಾ ಮೂರ್ಛೆರೋಗಕ್ಕೆ ಔಷಧ ತೆಗೆದುಕೊಳ್ಳುವವಳಿಗೂ ಹೆಚ್ಚಿನ ಅಳತೆ ಬೇಕಾಗಬಹುದು. ಅದನ್ನು ವೈದ್ಯರೇ ಗೊತ್ತುಮಾಡಬೇಕು. ನಾವು ಸೊಪ್ಪು ತಿನ್ನುವವರು, ನಮಗೆ ಗುಳಿಗೆಯೇಕೆ ಎಂದು ಕೇಳುವವರುಂಟು. ಸೊಪ್ಪನ್ನು ಅವಶ್ಯವಾಗಿ ತಿನ್ನಿರಿ. ಆದರೆ ಬಹಳ ಹೊತ್ತು ಬೇಯಿಸಿ ನೀರು ಬಸಿದುಬಿಟ್ಟರೆ ಈ ಸತ್ವದಲ್ಲಿ ಬಹು ಪಾಲು ಹೋಗಿಬಿಡುವದರಿಂದ ಗುಳಿಗೆಯನ್ನು ಬಿಡಕೂಡದು.

4. ಹೆಸರು ಬರೆಯಿಸುವದೂ ಪರೀಕ್ಷೆಗಳೂ

ಹನ್ನೆರಡು ವಾರಗಳೊಳಗೆ ಆಶಾ ಕಾರ್ಯಕರ್ತೆಯ ಮೂಲಕ ಹೆಸರನ್ನು ಬರೆಯಿಸಿ ತಾಯಿ ಕಾರ್ಡನ್ನು ಪಡೆದುಕೊಳ್ಳಿರಿ. ಹೆರಿಗೆಯೊಳಗೆ ಕಡಿಮೆಯೆಂದರೆ ನಾಲ್ಕು ಸಾರಿ ತಪಾಸಣೆಯಾಗಬೇಕು. ಅವುಗಳಲ್ಲಿ ಮೊದಲನೆಯದು ಈ ಹನ್ನೆರಡು ವಾರಗಳೊಳಗಿನದೇ. ಆಗ ತೂಕವನ್ನೂ ರಕ್ತದ ಒತ್ತಡವನ್ನೂ ನೋಡುವರು. ರಕ್ತವನ್ನು ತೆಗೆದು ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್.ಐ.ವಿ., ಸಿಫಿಲಿಸ್, ಕಾಮಾಲೆ ಬಿ ಇವುಗಳನ್ನು ಪರೀಕ್ಷಿಸುವರು, ಮೂತ್ರವನ್ನೂ ನೋಡುವರು. ಕೆಲವು ರೋಗಗಳ ಹೆಸರು ಕೇಳಿ ಮಾನ ಹೋಯಿತೆಂದು ಯಾರೂ ಸಿಟ್ಟಾಗಬಾರದು. ಈ ಪರೀಕ್ಷೆಗಳು ಗರ್ಭಿಣಿಯರೆಲ್ಲರಿಗೂ ಒಂದೇ ತರವಾಗಿ ನಡೆಯುವವು. ರೋಗವಿದ್ದರೂ ಬೇಗ ತಿಳಿದು ಚಿಕಿತ್ಸೆ ಮಾಡಿದರೆ ಮಗುವಿಗೆ ತಗಲದಂತೆ ಬಹಳ ಮಟ್ಟಿಗೆ ತಡೆಯಬಹುದು. ಧನುರ್ವಾಯುವಿಗೂ ಗಂಟಲಮಾರಿಗೂ ವಿರೋಧವಾದ ಟಿ.ಡಿ. ಲಸಿಕೆಯ ಮೊದಲನೆಯ ಚುಚ್ಚುಮದ್ದನ್ನು ಸಹ ಆಗಲೇ ಹಾಕುವರು.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆಯುಂಟೆಂದು ಎಣಿಸುವರು. 7ಕ್ಕಿಂತ ಕೆಳಗಿಳಿದರೆ ಅದು ಪ್ರಾಣಾಪಾಯದ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆಯಿತ್ತು. ಹೀಗಿರುವದರಿಂದ ನಾಲ್ಕನೆಯ ತಿಂಗಳಿಂದ ಕಬ್ಬಿಣದ ಗುಳಿಗೆಯನ್ನು ದಿನಕ್ಕೊಂದರಂತೆ 180 ದಿವಸ ತೆಗೆದುಕೊಳ್ಳಬೇಕೆಂದು ನಿಯಮವುಂಟು. ಮಲವು ಕಪ್ಪಾದೀತು, ಅದಕ್ಕೆ ಅಂಜಬೇಡಿರಿ. ಗುಳಿಗೆಯನ್ನು ಚಹ ಕಾಫಿಗಳೊಂದಿಗೆ ತೆಗೆದುಕೊಂಡರೆ ಅದರ ಗುಣವು ಮೈಗೆ ಹತ್ತುವದಿಲ್ಲ. ಲಿಂಬೆ ಹಣ್ಣಿನ ಪಾನಕದೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಹತ್ತುವದು.

ವೈದ್ಯರ ಮುಂದೆ ಮುಚ್ಚಿಡಬಾರದ ಸಂಗತಿಗಳಿವು: ಮೊದಲು ಗರ್ಭ ಇಳಿದಿದ್ದರೆ ಅದು, ಸಿಸೇರಿಯನ್ ಆಗಿದ್ದರೆ ಅದು, ಸಕ್ಕರೆ ರೋಗ, ರಕ್ತದ ಒತ್ತಡ, ಥೈರಾಯ್ಡ್, ಮೂರ್ಛೆರೋಗ, ಕ್ಷಯ ಇವುಗಳಲ್ಲಿ ಯಾವದಾದರೂ ಇದ್ದರೆ ಅದು, ಸೋದರಮಾವನನ್ನಾಗಲಿ ಅತ್ತೆಯ ಮಗನನ್ನಾಗಲಿ ಮದುವೆಯಾಗಿದ್ದರೆ ಅದೂ ಸಹ. ಹತ್ತಿರದ ರಕ್ತಸಂಬಂಧದಲ್ಲಿ ಕೆಲವು ಹುಟ್ಟು ರೋಗಗಳು ಹೆಚ್ಚಾಗಿ ತೋರುವದರಿಂದ ವೈದ್ಯರು ಅದಕ್ಕೆ ತಕ್ಕಂತೆ ನೋಡಿಕೊಳ್ಳುವರು. ಹಳೆಯ ರೋಗಕ್ಕೆ ಔಷಧವನ್ನು ತೆಗೆದುಕೊಳ್ಳುತ್ತಿರುವವಳು ಬಸುರಿಯಾದೆನೆಂದು ಹೆದರಿ ತಾನಾಗಿಯೇ ಬಿಟ್ಟುಬಿಡಬಾರದು, ಕೇಳದೆ ಮುಂದುವರಿಸಲೂಬಾರದು. ಕೂಡಲೆ ಹೋಗಿ ಕೇಳಲಿ.

ಸ್ಕ್ಯಾನ್ ಪರೀಕ್ಷೆಯು ದಿನಗಳನ್ನೂ ಕೂಸಿನ ಸ್ಥಿತಿಯನ್ನೂ ತಿಳಿಯುವದಕ್ಕೆ ಇರುವಂಥದು. ಗಂಡೋ ಹೆಣ್ಣೋ ಎಂದು ಕೇಳುವದೂ ಹೇಳುವದೂ 1994ರ ಕಾನೂನಿನ ಪ್ರಕಾರ ಅಪರಾಧ. ಮೂರು ತಿಂಗಳು ತುಂಬಿದ ಮೇಲೆ, ಪ್ರತಿ ತಿಂಗಳು 9ನೆಯ ತಾರೀಕಿನಲ್ಲಿ ಸರಕಾರದ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ನಡೆಯುವ ಉಚಿತ ತಪಾಸಣೆಗೂ ಹೋಗಿರಿ. ಈ ಏರ್ಪಾಡು 2016ರಲ್ಲಿ ಪ್ರಾರಂಭವಾಯಿತು.

5. ಊಟದ ವಿಷಯ

ಬಸುರಿಯು ಇಬ್ಬರ ಊಟವನ್ನು ಮಾಡಬೇಕೆಂದು ಹಿರಿಯರು ಹೇಳುವರು. ಮೊದಲಿನ ಮೂರು ತಿಂಗಳಲ್ಲಿ ಅಷ್ಟು ಬೇಕಾಗಿಲ್ಲ. ಊಟವು ಹೆಚ್ಚಾಗುವದಕ್ಕಿಂತ ಸತ್ವವುಳ್ಳದ್ದಾಗಿರುವದು ಮುಖ್ಯ. ಇದಕ್ಕೆ ಬಹಳ ಹಣವೂ ಬೇಡ. ರಾಗಿಯ ಮುದ್ದೆ ಅಥವಾ ಜೋಳದ ರೊಟ್ಟಿ, ದಪ್ಪನಾದ ಬೇಳೆಯ ಸಾರು, ಮೊಳಕೆ ಕಟ್ಟಿದ ಹುರುಳಿ ಹೆಸರು, ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಕಡಲೆಕಾಯಿ, ಹಾಲು ಮಜ್ಜಿಗೆ, ಸಿಕ್ಕಿದರೆ ಮೊಟ್ಟೆ ಮೀನು, ಆಯಾ ಕಾಲದ ಹಣ್ಣು ಇವು ಸಾಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚಾದ ಸುಣ್ಣದ ಸತ್ವವುಂಟು. ಅಕ್ಕಿಯಲ್ಲಿ ಅದು ಅತ್ಯಲ್ಪ. ಉಪ್ಪು ಅಯೋಡಿನ್ ಸೇರಿದ್ದಾಗಿರಲಿ. ಅದು ಮಗುವಿನ ಮೆದುಳಿಗೆ ಬೇಕು. ಅಂಗನವಾಡಿಯಿಂದ ಗರ್ಭಿಣಿಗೆ ಸಲ್ಲತಕ್ಕ ಆಹಾರವನ್ನು ಸಂಕೋಚಪಡದೆ ತೆಗೆದುಕೊಳ್ಳಿರಿ. ಮನೆಗೆ ತಂದದ್ದನ್ನು ಎಲ್ಲರಿಗೂ ಹಂಚಿ ಬಸುರಿಗೆ ಉಳಿಯದಂತೆ ಮಾಡಬೇಡಿರಿ.

ನಮ್ಮ ಮನೆಗಳಲ್ಲಿ ಗಂಡಸರು ಮೊದಲು, ಮಕ್ಕಳು ಆ ಮೇಲೆ, ಸೊಸೆಯು ಕಡೆಗೆ ಉಣ್ಣುವಳು. ಅಷ್ಟರೊಳಗೆ ಪಾತ್ರೆಯ ತಳದಲ್ಲಿ ತಿಳಿಸಾರು ಮಾತ್ರ ಉಳಿದಿರುವದು. ಬೇಳೆಯೂ ಸೊಪ್ಪೂ ಹೋಗಿರುವವು. ಈ ಒಂದು ಪದ್ಧತಿಯನ್ನು ಬದಲಿಸಿದರೆ ಅರ್ಧ ಔಷಧ ಕೊಟ್ಟ ಹಾಗಾಗುವದು.

ಓಕರಿಕೆಯು ಆರನೆಯ ವಾರದ ಸುಮಾರಿಗೆ ಪ್ರಾರಂಭವಾಗಿ ನಾಲ್ಕನೆಯ ತಿಂಗಳಲ್ಲಿ ಬಹುಮಂದಿಗೆ ಶಾಂತವಾಗುವದು. ಬೆಳಿಗ್ಗೆ ಏಳುವ ಮುಂಚೆ ಒಂದಿಷ್ಟು ಹುರಿಯಕ್ಕಿಯನ್ನಾಗಲಿ ಒಣ ರೊಟ್ಟಿಯ ತುಂಡನ್ನಾಗಲಿ ತಿಂದು, ಸ್ವಲ್ಪ ತಾಳಿ ಏಳಲಿ. ಒಂದೇ ಸಾರಿ ಹೊಟ್ಟೆ ತುಂಬ ಉಣ್ಣದೆ ಐದಾರು ಸಾರಿ ಸ್ವಲ್ಪ ಸ್ವಲ್ಪವಾಗಿ ತಿನ್ನಲಿ. ಕೆಮ್ಮಣ್ಣು, ಒಲೆಯ ಮಣ್ಣು, ಹಸಿ ಅಕ್ಕಿ ಇವುಗಳಿಗೆ ಮನಸ್ಸು ಹೋಗುವದು ಬರೀ ಬಯಕೆಯೆಂದು ನಗಬೇಡಿರಿ. ಅನೇಕ ಸಾರಿ ಅದು ರಕ್ತದಲ್ಲಿ ಕಬ್ಬಿಣವು ಕಡಿಮೆಯಾದದರ ಗುರುತು.

6. ಬಿಡತಕ್ಕವುಗಳು

ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕ, ನಶ್ಯ, ಬೀಡಿ ಇವು ಕೂಸಿನ ಬೆಳವಣಿಗೆಯನ್ನು ಕುಗ್ಗಿಸುವವು. ಊಟದ ಮೇಲೆ ಎಲೆಯಡಿಕೆಯೊಂದಿಗೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುವ ರೂಢಿಯುಳ್ಳ ಸಹೋದರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ, ಅಡಿಕೆಯೂ ಒಳ್ಳೇದಲ್ಲ. ಗಂಡನು ಮನೆಯೊಳಗೆ ಬೀಡಿ ಸೇದಿದರೆ ಆ ಹೊಗೆಯು ಹೆಂಡತಿಗೂ ಕೂಸಿಗೂ ತಗಲುವದು. ಹೆಂಡ ಸಾರಾಯಿಗಳಲ್ಲಿ ಗರ್ಭಿಣಿಗೆ ಇಷ್ಟು ಕುಡಿದರೆ ಕೇಡಿಲ್ಲವೆಂಬ ಅಳತೆಯೇ ಇಲ್ಲ. ತಲೆನೋವು, ಜ್ವರ, ಮೈಕೈ ನೋವುಗಳಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುವದೂ, ನಾಟಿ ಕಷಾಯಗಳನ್ನು ಕುಡಿಯುವದೂ ಕೂಡದು. ಕಾಯಿಸದ ಹಾಲು, ಸರಿಯಾಗಿ ಬೇಯದ ಮಾಂಸ ಮೊಟ್ಟೆಗಳು ಬೇಡ. ಬೆಳೆಗೆ ಕೀಟನಾಶಕವನ್ನು ಹೊಡೆಯುವ ದಿನ ಬಸುರಿಯು ಹೊಲಕ್ಕೆ ಹೋಗಬಾರದು. ತುಂಬಿದ ಕೊಡಗಳನ್ನೂ ಸೌದೆಯ ಹೊರೆಯನ್ನೂ ಬೇರೆಯವರು ಹೊರಲಿ. ಆದರೆ ಮನೆಯ ಹಗುರವಾದ ಕೆಲಸವೂ ನಡೆದಾಡುವದೂ ಒಳ್ಳೇದೇ.

ಇನ್ನು ಬರೀ ಮಾತುಗಳನ್ನು ನೋಡೋಣ. ಹಣ್ಣಾದ ಪರಂಗಿಯನ್ನು ಮಿತವಾಗಿ ತಿಂದರೆ ಗರ್ಭವು ಇಳಿಯುವದೆಂಬದಕ್ಕೆ ಆಧಾರವಿಲ್ಲ. ಹಾಲು ಒಸರುವ ಹಸಿ ಕಾಯಿಯನ್ನು ಬಿಟ್ಟರೆ ಸಾಕು. ಕೇಸರಿ ಹಾಕಿದ ಹಾಲನ್ನು ಕುಡಿದರೆ ಮಗುವಿಗೆ ಕೆಂಪು ಮೈಬಣ್ಣ ಬರುವದಿಲ್ಲ. ಬಣ್ಣವು ತಂದೆತಾಯಿಗಳಿಂದ ಬರುವದು. ಗ್ರಹಣ ಕಾಲದಲ್ಲಿ ಬಸುರಿಯನ್ನು ಕತ್ತಲೆಯ ಕೋಣೆಯಲ್ಲಿ ಕೂಡ್ರಿಸಿ ಅನ್ನ ನೀರು ಕೊಡದಿರುವ ವಾಡಿಕೆಯು ನಮ್ಮವರ ಮನೆಗಳನ್ನೂ ಪೂರ್ಣವಾಗಿ ಬಿಟ್ಟಿಲ್ಲ. ಗ್ರಹಣದ ನೆರಳಿನಿಂದ ಕೂಸಿಗೆ ಏನೂ ಆಗದು. ತಾಯಿಯ ಹಸಿವೆ ಬಾಯಾರಿಕೆಗಳಿಂದಲೇ ಕೇಡು.

7. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು

ರಕ್ತವು ಕಂಡರೆ, ಅದು ಸ್ವಲ್ಪವಾದರೂ ತೋರಿಸಲೇಬೇಕು. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರವಾದ ನೋವು, ತಲೆ ತಿರುಗಿ ಬೀಳುವದು, ಹೆಗಲಿನ ತುದಿಯಲ್ಲಿ ನೋವು ಇವು ಗರ್ಭಕೋಶದ ಹೊರಗೆ, ನಾಳದಲ್ಲಿಯೇ ಗರ್ಭವು ನಿಂತಿರುವದರ ಗುರುತಾಗಿರಬಹುದು. ನಾಳವು ಒಡೆದರೆ ಒಳಗೇ ರಕ್ತ ಸುರಿದು ಕೆಲವು ಗಂಟೆಗಳಲ್ಲಿ ಪ್ರಾಣ ಹೋದೀತು. ನೀರು ಸಹ ನಿಲ್ಲದ ವಾಂತಿ, ಮೂತ್ರವು ಕಡಿಮೆಯಾಗಿ ಕಡುಹಳದಿಯಾಗುವದು, ಮೂತ್ರದ ಉರಿ, ಹೆಚ್ಚಾದ ಜ್ವರ, ದುರ್ವಾಸನೆಯುಳ್ಳ ಸ್ರಾವ ಇವುಗಳಿಗೂ ನಾಳೆ ನೋಡೋಣವೆನ್ನಬಾರದು. 108ಕ್ಕೆ ಕರೆ ಮಾಡಿದರೆ ವಾಹನವು ಬರುವದು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ, ರಕ್ತ ಹೋದಾಗ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಮುಂದಿನ ಗರ್ಭಗಳನ್ನು ಕಾಪಾಡುವ ಒಂದು ಚುಚ್ಚುಮದ್ದು ಬೇಕಾಗಬಹುದು.

8. ಗರ್ಭವು ಇಳಿದು ಹೋದರೆ

ಎಲ್ಲಾ ಜಾಗ್ರತೆಯನ್ನು ಮಾಡಿದರೂ ತಿಳಿದು ಬಂದ ಗರ್ಭಗಳಲ್ಲಿ ಹತ್ತಕ್ಕೆ ಒಂದಾದರೂ, ಅದಕ್ಕಿಂತ ತುಸು ಹೆಚ್ಚಾದರೂ, ಇಳಿದು ಹೋಗುವದುಂಟು. ಹೆಚ್ಚಾಗಿ ಈ ಮೊದಲಿನ ತಿಂಗಳುಗಳಲ್ಲಿಯೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣವು, ಬೀಜವು ಕೂಡಿಕೊಂಡಾಗಲೇ ಅದರೊಳಗಿನ ಕ್ರೋಮೊಸೋಮುಗಳ ಲೆಕ್ಕವು ತಪ್ಪಿರುವದು. ಅದು ತಾಯಿಯ ನಡತೆಯಿಂದಲ್ಲ, ಆಕೆಯ ಕಾಲ್ಗುಣದಿಂದಲ್ಲ, ಯಾರ ಕಣ್ಣಿನಿಂದಲೂ ಅಲ್ಲ.

ಆದರೂ ನಮ್ಮಲ್ಲಿ ಏನಾಗುವದು? ಬಸ್ಸಿನಲ್ಲಿ ಹೋದದ್ದಕ್ಕೆ ಹೀಗಾಯಿತು, ಪರಂಗಿ ತಿಂದದ್ದಕ್ಕೆ ಹೀಗಾಯಿತು ಎಂದು ಹುಡುಗಿಯ ಮೇಲೆಯೇ ತಪ್ಪು ಹೊರಿಸುವರು. ಎರಡು ಸಾರಿ ಹೀಗಾದರೆ ಆಕೆಯನ್ನು ತವರಿಗೆ ಕಳುಹಿಸುವ, ಬೇರೆ ಹೆಣ್ಣನ್ನು ನೋಡುವ ಮಾತೂ ಬರುವದುಂಟು. ಈ ಭಯದ ದೆಸೆಯಿಂದಲೇ ಹೆಂಗಸರು ಮೊದಲಿನ ತಿಂಗಳುಗಳನ್ನು ಮುಚ್ಚಿಡುವದು, ರಕ್ತ ಕಂಡರೂ ಬಾಯಿ ಬಿಡದಿರುವದು. ನಿಂದೆಯು ಹೋಗದ ಹೊರತು ಗುಟ್ಟು ಹೋಗದು. ಗುಟ್ಟು ಹೋಗದ ಹೊರತು ಚಿಕಿತ್ಸೆಯು ಸಿಕ್ಕದು. ಆದಕಾರಣ ಗರ್ಭ ಕಳಕೊಂಡವಳನ್ನು ಬಾಣಂತಿಯಂತೆ ಎಣಿಸಿ ವಿಶ್ರಾಂತಿಯನ್ನೂ ಒಳ್ಳೇ ಊಟವನ್ನೂ ಕೊಡಿರಿ. ವೈದ್ಯರಿಗೆ ತೋರಿಸಿರಿ. ಆಕೆಯು ಅತ್ತರೆ ಅಳಗೊಡಿಸಿರಿ. ಎರಡು ಮೂರು ಸಾರಿ ಆಗಿದ್ದರೆ ಗಂಡಹೆಂಡರಿಬ್ಬರೂ ಪರೀಕ್ಷೆಗೆ ಹೋಗಲಿ. ಅಂಥವರಲ್ಲಿಯೂ ಅನೇಕರು ಮುಂದೆ ಆರೋಗ್ಯವುಳ್ಳ ಮಕ್ಕಳನ್ನು ಪಡೆದಿರುವರು.

9. ಗಂಡನಿಗೂ ಅತ್ತೆಗೂ

ಸಹೋದರರೇ, ಮೊದಲನೆಯ ತಪಾಸಣೆಯ ದಿನ ನೀವು ಒಂದು ದಿವಸದ ಕೂಲಿಯನ್ನು ಬಿಟ್ಟು ಜೊತೆಯಲ್ಲಿ ಹೋಗಿರಿ. ಕೇಳಬೇಕಾದದ್ದನ್ನು ಕೇಳಿರಿ, ಗುಳಿಗೆಯು ಮುಗಿದಿದೆಯೋ ಎಂದು ವಾರಕ್ಕೊಮ್ಮೆ ನೋಡಿರಿ. ಬಿಂದಿಗೆಯನ್ನು ಹೊತ್ತರೆ ಗಂಡಸುತನವು ಕಡಿಮೆಯಾಗುವದಿಲ್ಲ. ತಾಯಂದಿರೇ, ನಿಮ್ಮ ಕಾಲದಲ್ಲಿ ಈ ಗುಳಿಗೆಯೂ ಪರೀಕ್ಷೆಯೂ ಇಲ್ಲದೆ ಹೆತ್ತಿರೆಂಬದು ನಿಜ; ಆದರೆ ಆ ಕಾಲದಲ್ಲಿ ಹೆರಿಗೆಯಲ್ಲಿ ತೀರಿಹೋದವರನ್ನೂ ಎತ್ತಿ ಮಣ್ಣು ಮಾಡಿದ ಕೂಸುಗಳನ್ನೂ ನೀವೇ ಬಲ್ಲಿರಿ. ಸೊಸೆಯು ನಿಮ್ಮ ಬಳಿ ಬಂದು, ಅತ್ತೇ, ಈ ತಿಂಗಳು ತಪ್ಪಿತು ಎಂದು ಅಂಜಿಕೆಯಿಲ್ಲದೆ ಹೇಳುವಂತೆ ನಡೆದುಕೊಳ್ಳಿರಿ. ಆಕೆಯು ಮೊದಲು ಬಾಯಿ ಬಿಡತಕ್ಕದ್ದು ನಿಮ್ಮ ಮುಂದೆಯೇ ಅಲ್ಲವೇ?

ಸ್ತ್ರೀಯರ ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಗರ್ಭವು ಹೊರಗೆ ಕಾಣುವ ಮೊದಲೇ ಮಗುವಿನಲ್ಲಿ ಯಾವ ಯಾವ ಅಂಗಗಳು ಉಂಟಾಗುವವು?
2. ಕಡೆಯ ಮುಟ್ಟು ಮಾರ್ಚ್ 5ರಂದು ಪ್ರಾರಂಭವಾದವಳಿಗೆ ಹೆರಿಗೆಯ ಅಂದಾಜು ದಿನವು ಯಾವದು?
3. ಫೋಲಿಕ್ ಆಮ್ಲದ ಗುಳಿಗೆಯನ್ನು ಯಾವಾಗಿನಿಂದ ಯಾವಾಗಿನ ವರೆಗೆ ತೆಗೆದುಕೊಳ್ಳಬೇಕು? ಸೊಪ್ಪು ಮಾತ್ರ ಸಾಲದು, ಯಾಕೆ?
4. ಮೊದಲನೆಯ ತಪಾಸಣೆಯಲ್ಲಿ ಏನೇನು ನೋಡುವರು? ವೈದ್ಯರ ಮುಂದೆ ಯಾವ ಸಂಗತಿಗಳನ್ನು ಮುಚ್ಚಿಡಬಾರದು?
5. ಕೂಡಲೆ ಆಸ್ಪತ್ರೆಗೆ ಹೋಗಬೇಕಾದ ನಾಲ್ಕು ಗುರುತುಗಳನ್ನು ಹೇಳಿರಿ.
6. ನಮ್ಮ ಊರಲ್ಲಿ ಗರ್ಭ ಇಳಿದು ಹೋದವಳಿಗೆ ಜನರು ಏನು ಅನ್ನುವರು? ಏನು ಅನ್ನಬೇಕಾಗಿತ್ತು?
7. ನಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು?

ಓದಬಲ್ಲವರು ಈ ಪಾಠವನ್ನು ಓದಲಾರದವರಿಗೆ ಓದಿ ಹೇಳಿರಿ. ವಿಶೇಷವಾಗಿ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಹೇಳಿರಿ. ಗುಳಿಗೆಯು ಗರ್ಭಕ್ಕೆ ಮುಂಚಿನಿಂದಲೇ ಬೇಕಾಗಿರುವದರಿಂದ ಅವರಿಗೆ ಇದು ತಿಳಿಯಬೇಕಾದ ಕಾಲವು ಈಗಲೇ.